ಅಜ್ಜಿಯ ವಸಡನ್ನೂ ನೋಡಿ

ಮಾನ್ಯರೇ,

ನಮ್ಮ ಅಜ್ಜಿ ಕಡಂಬುಟ್ಟನ್ನು ಪಂದಿಕರಿಯಲ್ಲಿ ಅದ್ದಿ ಒಂದೇ ಬದಿಯಲ್ಲಿ ಅಗಿಯುತ್ತಾರೆ. ಇನ್ನೊಂದು ಬದಿಯ ವಸಡಿನಲ್ಲಿ ರಕ್ತ. ‘ವಯಸ್ಸಾಯ್ತು ಬಿಡು’ ಅನ್ನುತ್ತಾರೆ ಎಲ್ಲರೂ.

ಸುಮ್ನೆ ಬಿಡುವ ವಿಷಯ ಅಲ್ಲ ಇದು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸೂಕ್ಷ್ಮಾಣುಗಳ ಮೇಲೆ ಮೊದಲು ಮುಗಿಬೀಳುತ್ತವೆ. ಅವು ವಸಡಿಗೆ ಅತಿಯಾಗಿ ನುಗ್ಗದಂತೆ ತಡೆಯುವ ಡೆಲ್-1 ಪ್ರೋಟೀನ್ ಮುದಿ ಇಲಿಗಳಲ್ಲಿ ಕಡಿಮೆಯಾಗಿ, ಉರಿಯೂತ ಹೆಚ್ಚಿಸುವ ಐಎಲ್-17 ಎಂಬ ಪ್ರೋಟೀನ್ ಜಾಸ್ತಿಯಾಗಿ, ಕಾವಲಿಗೆ ಬಂದವರೇ ಮನೆ ಕೆಡವಿದ ಹಾಗೆ ಹಲ್ಲು ಹಿಡಿದ ಮೂಳೆಯೇ ಸವೆಯುತ್ತದೆ ಎಂದು 2012ರಲ್ಲೇ ಸಂಶೋಧಕರು ತೋರಿಸಿದರು. ವಸಡಿಗೆ ಡೆಲ್-1 ಕೊಟ್ಟಾಗ ಉರಿಯೂತ ತಗ್ಗಿತು.

ಇಲಿಯಲ್ಲಿ ಕಂಡದ್ದು ನಮಗೆ ಔಷಧಿಯಾಗಲು ಸಮಯ ಬೇಕು, ನಿಜ. ಆದರೆ ಕಾಫಿ ತೋಟದ ಲೈನ್‌ಮನೆಗಳಲ್ಲಿ ಎಲೆ ಅಡಿಕೆ ಜಗಿಯುವ ಹಿರಿಯರ ಬಾಯನ್ನು ಬಿಪಿ, ಶುಗರ್ ಜೊತೆಗೇ ಶಿಬಿರಗಳಲ್ಲಿ ನೋಡಬಹುದಲ್ವಾ?

– ಓದುಗ, ಪೊನ್ನಂಪೇಟೆ