ವೇದದಾಗ ಐತಿ ಅಂತ ಚಿಲುಮಿ ಹಿಡೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋಳಿ ಹತ್ರ ಬಂತಂದ್ರ ನಮ್ಮ ಬಾಗಲಕೋಟಿಯೊಳಗ ಹಲಗಿ ಸಪ್ಪಳದ ಕೂಡ ವಾಟ್ಸಾಪ್‌ನ್ಯಾಗ ಒಂದು ಮೆಸೇಜೂ ತಿರಗತೈತಿ, ಋಷಿಮುನಿಗಳೇ ಗಾಂಜಾ ಸೇದ್ತಿದ್ರು, ವೇದದಾಗ ಐತಿ, ನಾವು ಸೇದಿದ್ರ ಏನ್ ತಪ್ಪು ಅಂತ. ಈ ಸಲ ನನ್ನ ತಂಗಿ ಮಗನ ನನಗ ಕಳಿಸ್ಯಾನ.

ಅಥರ್ವವೇದದಾಗ ಭಂಗದ, ಅಂದ್ರ ಗಾಂಜಾ ಗಿಡದ, ಹೆಸರು ಐತಿ, ಸುಳ್ಳಲ್ಲ. ದರ್ಭಿ, ಜವೆಗೋದಿ ಕೂಡ ನಮ್ಮ ಸಂಕಟ ಕಳೀರಿ ಅಂತ ಬೇಡ್ಕೊಳ್ಳೋ ಗಿಡಗಳ ಸಾಲಿನ್ಯಾಗ ಬರ್ತೈತಿ, ಆ ಮಂತ್ರದಾಗ ಚಿಲುಮಿ ಮಾತ ಇಲ್ಲ.

ಬ್ಯಾರೆ ದೇಶದ ಹಳೇ ಮಂದಿನೂ ಇದನ್ನ ಸುಟ್ಟಾರ, ಆದ್ರ ಯಾವಾಗ ಅಂತ ನೋಡ್ರಿ. ಇಸ್ರೇಲಿನ ತೆಲ್ ಅರಾದ್ ಅನ್ನೋ ಕಡೆ ಸುಮಾರು 2,700 ವರ್ಷ ಹಳೇ ಗುಡಿ ಐತಿ, ಅಲ್ಲಿ ಎರಡು ಸಣ್ಣ ಬಲಿಪೀಠದ ಮ್ಯಾಲ ಅಂಟಿದ್ದ ಕರಿ ಮಸಿ ಟೆಸ್ಟ್ ಮಾಡಿದ ಸಂಶೋಧಕರು 2020ರಾಗ ಏನಂದ್ರಂದ್ರ ಒಂದರ ಮ್ಯಾಲ ಲೋಬಾನದಂಥ ಧೂಪಾನ ಕೊಬ್ಬಿನ ಕೂಡ, ಇನ್ನೊಂದರ ಮ್ಯಾಲ ಗಾಂಜಾನ ಸಗಣಿ ಕೂಡ ಸುಟ್ಟಾರ. ಸಗಣಿ ಯಾಕಂದ್ರ ಸಣ್ಣ ಉರಿ ಬೇಕಂತ! ಕುಳ್ಳಿನ ಮ್ಯಾಲ ದಿನಾ ಹಾಲು ಕಾಸಿದ ನಮ್ಮವ್ವಗ ಇದನ್ನ ಯಾವ ಸೈಂಟಿಸ್ಟೂ ಹೇಳಿಕೊಡಬೇಕಿಲ್ಲ ಬಿಡ್ರಿ. ಜೆರುಸಲೇಮ್ ಹತ್ರನ 4ನೇ ಶತಮಾನದ ಗೋರಿಯೊಳಗ ಕೂಸು ಹೊಟ್ಟ್ಯಾಗ ಇದ್ದಂಗ ತೀರಿಕೊಂಡ 14 ವರ್ಷದ ಹುಡುಗಿ ಎಲುಬು ಸಿಕ್ಕಾವು, ಜೊತಿಗೆ ಗಾಂಜಾ ಸುಟ್ಟ ಬೂದಿ, ಹೆರಿಗಿ ಸುಸೂತ್ರ ಆಗ್ಲಿ ಅಂತ ಹೊಗಿ ಕೊಟ್ಟಿರಬೇಕು ಅಂತಾರ. ಬಾಣಂತಿ ಹೊರಸಿನ ಕೆಳಗ ಕೆಂಡ ಇಡೋ ನಮಗ ಇದು ತಿಳೀತೈತಿ. ಕಪ್ಪು ಸಮುದ್ರದ ಉತ್ತರಕ್ಕ ಅಲೆದಾಡ್ತಿದ್ದ ಹಳೇ ಕಾಲದ ಸಿಥಿಯನ್ ಮಂದಿನೂ ಹೆಣ ಮಣ್ಣು ಮಾಡಿ ಬಂದ ಮ್ಯಾಲ ಕಂಬಳಿ ಗುಡಾರದಾಗ ಕಾದ ಕಲ್ಲಿಗೆ ಇದರ ಬೀಜ ಹಾಕಿ ಹೊಗಿ ತಗೋತಿದ್ರು ಅಂತ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರದಾನ. ಎಲ್ಲಾ ಕಡೆ ದೇವರು, ಬ್ಯಾನಿ, ಸಾವು, ಇಂಥಾ ಹೊತ್ತಿನ್ಯಾಗ ಬಂದಿದ್ದು. ಸಂಜಿಗೊಮ್ಮೆ ಪಾನ್ ಅಂಗಡಿ ಹಿಂದ ನಿಂತು ಸೇದಿದ್ದಲ್ಲ.

ನಮ್ಮ ವೈದ್ಯರರ ಹಗರಕ್ಕ ತಗೊಂಡಿದ್ರೇನು? ಶಾರ್ಙ್ಗಧರ ಸಂಹಿತಾ ಅನ್ನೋ ಹಳೇ ಆಯುರ್ವೇದ ಗ್ರಂಥದಾಗ ಭಂಗಾನ ಅಫೀಮಿನ ಪಂಕ್ತಿಗೆ ಕುಂದರಿಸ್ಯಾರ, ಪಚನ ಆಗೂದಕ್ಕಿಂತ ಮೊದ್ಲ ಮೈತುಂಬ ಹಬ್ಬೋ ವಸ್ತು ಅಂತ. ಅದನ್ನ ಶುದ್ಧಿ ಮಾಡಿನ ಔಷಧಕ್ಕ ಹಾಕ್ತಾರ. ಫಾರ್ವರ್ಡ್ ಮಾಡೋರು ಈ ಭಾಗ ಕಟ್ ಮಾಡಿರ್ತಾರ.

ಇಷ್ಟೂ ಟೈಪ್ ಮಾಡಿ ಹುಡುಗಗ ಕಳಿಸಿದ್ರ ಒಂದು ಹೆಬ್ಬಟ್ಟು ಒತ್ತಿ ಸುಮ್ನಾದ. ಅದಕ್ಕ ನಿಮಗ ಬರದೀನ್ರಿ, ಹೋಳಿ ಪುರವಣಿಯೊಳಗ ಬಣ್ಣದ ಫೋಟೋ ಒಂದೆರಡು ಕಡಿಮಿ ಮಾಡಿ ಯಾರರ ಆಯುರ್ವೇದ ಡಾಕ್ಟರ್ ಕಡೆಯಿಂದ ಇದರ ಬಗ್ಗೆ ಅರ್ಧ ಪುಟ ಬರಸ್ರಿ.

ಇಂತಿ ನಿಮ್ಮ ಓದುಗ,
ಬಾಗಲಕೋಟೆ