'ಕ್ಲೀನ್ ಮಾಡಿಸಿಬಿಡಿ' ಅನ್ನುವ ಮುನ್ನ

ಮಾನ್ಯ ಸಂಪಾದಕರೇ,

ಗರ್ಭ ನಿಲ್ಲದೆ ಹೋದಾಗ, ಹೆರಿಗೆಯಾದ ಮೇಲೆ ಮಾಸಿನ ತುಣುಕು ಒಳಗೇ ಉಳಿದಾಗ, 'ಕ್ಲೀನ್ ಮಾಡಿಸಿಬಿಡಿ' ಎಂಬ ಮಾತು ಬಲು ಹಗುರವಾಗಿ ಬಂದುಬಿಡುತ್ತದೆ. ಹತ್ತು ನಿಮಿಷದ ಕೆಲಸ, ಸಂಜೆಗೆ ಮನೆ. ಗರ್ಭಕೋಶದ ಒಳಗನ್ನು ಕೆರೆದು ಖಾಲಿ ಮಾಡುವ ಈ 'ಡಿ ಅಂಡ್ ಸಿ'ಯೂ ಒಂದು ಶಸ್ತ್ರಚಿಕಿತ್ಸೆ, ಅದಕ್ಕೂ ಅಡ್ಡಪರಿಣಾಮವಿದೆ ಎಂಬುದು ಹೇಳುವವರಿಗೂ ಕೇಳುವವರಿಗೂ ನೆನಪಿರುವುದಿಲ್ಲ. ಕೆರೆದ ಗಾಯ ಮಾಯುವಾಗ ಗರ್ಭಕೋಶದ ಎದುರುಬದುರಿನ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಇದನ್ನು ಜರ್ಮನಿಯ ಹೈನ್‌ರಿಕ್ ಫ್ರಿಟ್ಷ್ 1894ರಲ್ಲೇ ವರದಿ ಮಾಡಿದ್ದರು. 1948ರಲ್ಲಿ ಜೋಸೆಫ್ ಆಶರ್‌ಮನ್ 29 ಮಹಿಳೆಯರ ವಿವರ ಪ್ರಕಟಿಸಿದ ಮೇಲೆ ತೊಂದರೆಗೆ ಆಶರ್‌ಮನ್ ಸಿಂಡ್ರೋಮ್ ಎಂಬ ಹೆಸರು ನಿಂತಿತು. ಇಷ್ಟು ಹಳೆಯ ಸಂಗತಿಯಾದರೂ ಎಷ್ಟೋ ಮಹಿಳೆಯರು ಈ ಹೆಸರನ್ನು ಮೊದಲು ಕೇಳುವುದು ಮಕ್ಕಳಾಗಲಿಲ್ಲವೆಂದು ಚಿಕಿತ್ಸೆಗೆ ಹೋದಾಗಲೇ.

ಗರ್ಭಕೋಶದ ಒಳಪದರದಲ್ಲಿ ಎರಡು ಭಾಗಗಳಿವೆ. ಮೇಲಿನದು ತಿಂಗಳಿಗೊಮ್ಮೆ ಮುಟ್ಟಾಗಿ ಕಳಚಿಹೋಗುತ್ತದೆ. ಸ್ನಾಯುವಿಗೆ ಅಂಟಿಕೊಂಡಿರುವ ತಳಪದರದಿಂದ ಅದು ಮತ್ತೆ ಬೆಳೆಯುತ್ತದೆ. ಹುಲ್ಲು ಕೊಯ್ದರೆ ಚಿಗುರುತ್ತದೆ, ಬೇರು ಕಿತ್ತರೆ ಇಲ್ಲ. ಬಸುರಿನ ನಂತರದ ಗರ್ಭಕೋಶ ಮೆತ್ತಗಾಗಿರುವುದರಿಂದ ತಳಪದರ ಸುಲಭವಾಗಿ ಕಿತ್ತುಬರುತ್ತದೆ. ಬಾಣಂತಿಯಲ್ಲಿ, ಅದರಲ್ಲೂ ಎದೆಹಾಲು ಕೊಡುತ್ತಿರುವಾಗ, ಈಸ್ಟ್ರೋಜನ್ ಹಾರ್ಮೋನ್ ತೀರಾ ಕಡಿಮೆ ಇರುವುದರಿಂದ ಗಾಯವಾದ ಜಾಗದಲ್ಲಿ ಹೊಸ ಪದರ ಬೇಗ ಬೆಳೆಯುವುದೂ ಇಲ್ಲ. ಹೆರಿಗೆಯಾಗಿ ಎರಡರಿಂದ ನಾಲ್ಕು ವಾರದೊಳಗೆ ಕೆರೆದರೆ ಅಪಾಯ ಎಲ್ಲಕ್ಕಿಂತ ಹೆಚ್ಚು ಎನ್ನುವುದು ಇದಕ್ಕೇ.

ಇನ್ನು ಉಪಕರಣದ ವಿಷಯ. ಕ್ಯುರೆಟ್ ಎಂದರೆ ಉದ್ದ ಹಿಡಿಯ, ತುದಿಯಲ್ಲಿ ಚೂಪು ಅಂಚಿನ ಬಳೆ ಇರುವ ಲೋಹದ ಸಲಕರಣೆ. ಒಳಗೆ ಏನೂ ಕಾಣಿಸುವುದಿಲ್ಲ, ಕೈಗೆ ತಿಳಿದದ್ದೇ ಲೆಕ್ಕ. ನಯವಾಗಿ ಜಾರುತ್ತಿದ್ದ ಅಂಚು ಗರಗರ ಎನ್ನತೊಡಗಿದರೆ ಒಳಗೆಲ್ಲ ಖಾಲಿಯಾಯಿತು ಎಂದು ತಲೆಮಾರುಗಳಿಂದ ಕಲಿಸಿಕೊಂಡು ಬರಲಾಗಿದೆ. ಆ ಗರಗರ ಬಂದಿತೆಂದರೆ ಅಂಚು ಗೋಡೆಗೇ ತಾಗುತ್ತಿದೆ ಎಂದರ್ಥ. ಅಲ್ಲಿಗೆ ಕೈ ನಿಲ್ಲಬೇಕು. ಆದರೆ 'ಏನೂ ಉಳಿಯಬಾರದು' ಎಂಬ ಆತಂಕದಲ್ಲಿ ನಾಲ್ಕೂ ಗೋಡೆಗಳಲ್ಲಿ ಅದೇ ಸದ್ದು ಬರುವ ತನಕ ಕೆರೆಯುವವರಿದ್ದಾರೆ. ಸಕ್ಷನ್, ಅಂದರೆ ನಳಿಕೆಯಿಂದ ಹೀರಿ ತೆಗೆಯುವುದು, ಮುಗಿದ ಮೇಲೂ 'ಒಂದು ಸಲ ನೋಡಿಬಿಡೋಣ' ಎಂದು ಕ್ಯುರೆಟ್ ಹಾಕುವ ಅಭ್ಯಾಸವೂ ಇದೆ. ಸಕ್ಷನ್‌ನಿಂದ ಉಳಿದ ತಳಪದರ ಈ ಒಂದು ಸಲದಲ್ಲಿ ಹೋಗಬಹುದು. ಚೂಪು ಕ್ಯುರೆಟ್‌ನಿಂದ ಕೆರೆಯುವುದು ಹಳತಾದ ವಿಧಾನ, ಅದರ ಬದಲು ಸಕ್ಷನ್ ಅಥವಾ ಮಾತ್ರೆ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ 2012ರ ಮಾರ್ಗಸೂಚಿಯಲ್ಲೇ ಹೇಳಿದೆ. ಇನ್ನೂ ಕ್ಯುರೆಟ್ಟೇ ಮೊದಲ ಆಯ್ಕೆಯಾಗಿರುವ ಕಡೆ ಅಡ್ಡಿಯಾಗಿರುವುದು ರೂಢಿ ಅಷ್ಟೇ.

ಗರ್ಭಪಾತದ ನಂತರ ಕ್ಯಾಮೆರಾ ಇಳಿಸಿ ನೋಡಿದ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿದಾಗ ನೂರಕ್ಕೆ ಸುಮಾರು 19 ಮಹಿಳೆಯರಲ್ಲಿ ಅಂಟುಗಳು ಕಂಡವು. ಅರ್ಧಕ್ಕಿಂತ ಹೆಚ್ಚಿನವು ಸೌಮ್ಯವಾಗಿದ್ದವು, ಹಾಗಾಗಿ ಒಮ್ಮೆ ಡಿ ಅಂಡ್ ಸಿ ಆದವರೆಲ್ಲ ಗಾಬರಿಯಾಗಬೇಕಿಲ್ಲ. ಆದರೆ ಎರಡು, ಮೂರು ಸಲ ಆದಾಗ ಅಪಾಯ ಏರುತ್ತಲೇ ಹೋಗುತ್ತದೆ. ಫೈಬ್ರಾಯ್ಡ್ ಅಥವಾ ಗರ್ಭಕೋಶದೊಳಗಿನ ಅಡ್ಡಪರದೆ ತೆಗೆದಾಗಲೂ ಅಂಟು ಬೆಳೆಯಬಹುದು, ಗರ್ಭಕೋಶದ ಕ್ಷಯದಿಂದಲೂ ಬರಬಹುದು. ಕ್ಷಯದಿಂದಾದದ್ದು ಸರಿಪಡಿಸಲು ಎಲ್ಲಕ್ಕಿಂತ ಕಷ್ಟ.

ಹಾಗಾದರೆ ಏನು ಮಾಡಬೇಕು? ಮೊದಲ ಮೂರು ತಿಂಗಳಲ್ಲಿ ಗರ್ಭದ ಬೆಳವಣಿಗೆ ನಿಂತುಹೋದಾಗ, ರಕ್ತಸ್ರಾವ ಹಿಡಿತದಲ್ಲಿದ್ದು ಸೋಂಕಿಲ್ಲದಿದ್ದರೆ, ಕಾಯುವುದೂ ಒಂದು ಚಿಕಿತ್ಸೆಯೇ. ಕಾಯಲು ಮನಸ್ಸಿಲ್ಲದವರಿಗೆ ಮಾತ್ರೆ ಇದೆ: ಮಿಸೊಪ್ರೊಸ್ಟಾಲ್ 800 ಮೈಕ್ರೋಗ್ರಾಂ ಯೋನಿಯೊಳಗೆ ಇಡುವುದು. ಅದಕ್ಕೆ 24 ಗಂಟೆ ಮೊದಲು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ನುಂಗಿದ್ದರೆ ಫಲ ಹೆಚ್ಚು. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮೊದಲ ಮರುಭೇಟಿಯ ಹೊತ್ತಿಗೆ ಎರಡೂ ಮಾತ್ರೆ ಪಡೆದವರಲ್ಲಿ ನೂರಕ್ಕೆ 84, ಮಿಸೊಪ್ರೊಸ್ಟಾಲ್ ಮಾತ್ರ ಪಡೆದವರಲ್ಲಿ 67 ಮಂದಿಗೆ ಪೂರ್ತಿ ಹೊರಬಂದಿತ್ತು. ಇದನ್ನು ಓದಿ ಯಾರೂ ತಾವೇ ಮಾತ್ರೆ ನುಂಗಬಾರದು. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಸಂಚಕಾರ. ಸ್ಕ್ಯಾನ್ ಮೊದಲು, ಮಾತ್ರೆ ಆಮೇಲೆ. ಗಂಟೆಗೆ ಎರಡು ದಪ್ಪ ಪ್ಯಾಡಿನಂತೆ ಸತತ ಎರಡು ಗಂಟೆ ತೋಯುತ್ತಿದ್ದರೆ, ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ ಕಾಯುವ ಮಾತಿಲ್ಲ. ಆಗ ಅಂಟಿನ ಭಯದಿಂದ ಸಕ್ಷನ್ ಮುಂದೂಡುವುದೇ ತಪ್ಪು.

ಮಾತ್ರೆ ಕೊಟ್ಟ ಮೇಲೆ ವೈದ್ಯರು ಎಡವುವುದು ಸ್ಕ್ಯಾನ್ ವರದಿಯಲ್ಲಿ. 'ಒಳಪದರ 14 ಮಿ.ಮೀ.' ಎಂದು ಬಂದೊಡನೆ ಥಿಯೇಟರಿಗೆ ಕರೆಯುತ್ತಾರೆ. ಗರ್ಭದ ಚೀಲ ಹೊರಹೋಗಿದ್ದು, ರಕ್ತಸ್ರಾವ ಇಳಿಯುತ್ತಿದ್ದರೆ ಬರೀ ದಪ್ಪ ನೋಡಿ ಒಳಗೆ ಕೈ ಹಾಕಲು ಕಾರಣವಿಲ್ಲ. ಎಷ್ಟೋ ಸಲ ಅಲ್ಲಿರುವುದು ಹೆಪ್ಪುಗಟ್ಟಿದ ರಕ್ತ, ಮುಂದಿನ ಮುಟ್ಟಿನಲ್ಲಿ ತಾನೇ ಹೋಗುತ್ತದೆ. ನಿಜಕ್ಕೂ ತುಣುಕು ಉಳಿದಿದ್ದರೆ ಗರ್ಭಕೋಶದೊಳಗೆ ನೋಡುವ ಕ್ಯಾಮೆರಾ ಕೊಳವೆಯಾದ ಹಿಸ್ಟರೋಸ್ಕೋಪ್ ಇಳಿಸಿ, ಕಣ್ಣಾರೆ ನೋಡಿ, ಅದೊಂದನ್ನೇ ತೆಗೆಯಬಹುದು. ಕಣ್ಣುಮುಚ್ಚಿ ಇಡೀ ಗರ್ಭಕೋಶ ಕೆರೆಯುವುದಕ್ಕೂ ಇದಕ್ಕೂ ಅಜಗಜಾಂತರ.

ಸಕ್ಷನ್ ಮಾಡಲೇಬೇಕಾದರೆ ದೊಡ್ಡ ಯಂತ್ರವೂ ಬೇಕಿಲ್ಲ. 60 ಮಿ.ಲೀ. ಕೈಸಿರಿಂಜು, ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಸಾಕು. ಗರ್ಭ ಎಷ್ಟು ವಾರದ್ದೋ ಸುಮಾರು ಅಷ್ಟು ಮಿ.ಮೀ. ನಳಿಕೆ. ಜೊತೆಗೆ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟುಕೊಂಡರೆ ನಳಿಕೆಯ ತುದಿ ಎಲ್ಲಿದೆ ಎಂದು ಕಾಣುತ್ತಿರುತ್ತದೆ. ನಳಿಕೆಯಲ್ಲಿ ಗುಲಾಬಿ ಬಣ್ಣದ ನೊರೆ ಬರತೊಡಗಿದರೆ, ಗರ್ಭಕೋಶ ಕುಗ್ಗಿ ನಳಿಕೆಯನ್ನು ಹಿಡಿದುಕೊಂಡರೆ ಕೆಲಸ ಮುಗಿದಂತೆ. ಸಕ್ಷನ್‌ನಿಂದ ಅಂಟು ಬರುವುದೇ ಇಲ್ಲ ಎಂದಲ್ಲ, ಗಾಯ ಕಡಿಮೆ ಎಂಬುದಷ್ಟೇ ಸತ್ಯ.

ಇನ್ನು ಕೆರೆಸಿಕೊಂಡಾದವರು ಮುಟ್ಟಿನ ಲೆಕ್ಕ ಇಡಬೇಕು. ಗರ್ಭಪಾತದ ನಂತರ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮುಟ್ಟು ಬರುತ್ತದೆ. ಎಂಟು ವಾರ ದಾಟಿದರೂ ಬರದೆ, ಗರ್ಭ ಪರೀಕ್ಷೆಯೂ ನೆಗೆಟಿವ್ ಇದ್ದರೆ ವೈದ್ಯರಲ್ಲಿಗೆ ಹೋಗಿ. ಐದು ದಿನ ಇರುತ್ತಿದ್ದದ್ದು ಒಂದೂವರೆ ದಿನಕ್ಕೆ ಇಳಿದು, ನಾಲ್ಕು ಹನಿ ಕಂದು ಕಲೆಯಲ್ಲೇ ಮುಗಿದರೂ ಹೋಗಿ. ತಿಂಗಳ ತಿಂಗಳ ಅದೇ ಹೊತ್ತಿಗೆ ಹೊಟ್ಟೆ ಹಿಂಡಿ, ರಕ್ತ ಮಾತ್ರ ಬಾರದಿದ್ದರೆ ಗರ್ಭಕಂಠದ ದಾರಿ ಮುಚ್ಚಿಕೊಂಡು ರಕ್ತ ಒಳಗೇ ನಿಲ್ಲುತ್ತಿರಬಹುದು. ಕಂಠದಲ್ಲಷ್ಟೇ ಅಂಟಿದ್ದರೆ ಸರಿಪಡಿಸುವುದು ಹೆಚ್ಚು ಸುಲಭ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ 'ಹಾರ್ಮೋನ್ ಏರುಪೇರು' ಎಂದು ಮುಟ್ಟು ಬರಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ಬರೆದುಕೊಡುವುದು. ಆಶರ್‌ಮನ್‌ನಲ್ಲಿ ಅಂಡಾಶಯ ಸರಿಯಾಗೇ ಕೆಲಸ ಮಾಡುತ್ತಿರುತ್ತದೆ, ರಕ್ತ ಪರೀಕ್ಷೆಯೂ ಸರಿ ಇರುತ್ತದೆ. ಈಸ್ಟ್ರೋಜನ್, ನಂತರ ಪ್ರೊಜೆಸ್ಟರಾನ್ ಕ್ರಮವಾಗಿ ಕೊಟ್ಟರೂ ರಕ್ತ ಕಾಣದಿದ್ದರೆ ಗರ್ಭಕೋಶವನ್ನೇ ನೋಡಬೇಕು. ಮಾಮೂಲಿ ಸ್ಕ್ಯಾನ್‌ನಲ್ಲಿ ಅಂಟು ತಪ್ಪಿಸಿಕೊಳ್ಳುತ್ತದೆ. ಸಲೈನ್ ತುಂಬಿಸಿ ಮಾಡುವ ಸ್ಕ್ಯಾನ್ ಅಥವಾ ಡೈ ಹಾಕಿ ತೆಗೆಯುವ ಎಕ್ಸ್‌ರೇ ಸುಳಿವು ಕೊಡುತ್ತವೆ. ಖಚಿತವಾಗುವುದು ಹಿಸ್ಟರೋಸ್ಕೋಪಿಯಲ್ಲಿ. ಮುಟ್ಟು ಸರಿಯಾಗಿದ್ದೂ ಅಂಟು ಇರಬಹುದು, ಪದೇಪದೇ ಗರ್ಭ ನಿಲ್ಲದವರಲ್ಲಿ ಇದನ್ನು ಮರೆಯಬಾರದು.

ಅಂಟು ಬಿಡಿಸಲು ಮತ್ತೆ ಡಿ ಅಂಡ್ ಸಿ ಮಾಡಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಹಿಸ್ಟರೋಸ್ಕೋಪ್‌ನಲ್ಲಿ ನೋಡುತ್ತಾ ಸಣ್ಣ ಕತ್ತರಿಯಿಂದ ಬಿಡಿಸುವುದು ಸರಿಯಾದ ದಾರಿ, ಕರೆಂಟಿನ ಬಿಸಿ ಉಳಿದಿರುವ ಒಳ್ಳೆಯ ಪದರವನ್ನೂ ಸುಡಬಹುದು. ಆಮೇಲೆ ಗೋಡೆಗಳನ್ನು ದೂರ ಇಡಲು ಕೆಲವು ದಿನ ಬಲೂನು ಅಥವಾ ಹೈಲುರೊನಿಕ್ ಆಮ್ಲದ ಜೆಲ್ ಇಡುತ್ತಾರೆ, ಪದರ ಬೆಳೆಯಲು ಈಸ್ಟ್ರೋಜನ್ ಕೊಡುತ್ತಾರೆ. ತೀವ್ರವಾಗಿದ್ದದ್ದು ಮತ್ತೆ ಅಂಟಿಕೊಳ್ಳುವುದು ಸಾಮಾನ್ಯ, ಆದ್ದರಿಂದ ಕೆಲವು ವಾರ ಬಿಟ್ಟು ಇನ್ನೊಮ್ಮೆ ಒಳಗೆ ನೋಡಲೇಬೇಕು. ಚಿಕಿತ್ಸೆಯ ನಂತರ ಬಸುರಾದರೆ ಮಾಸು ಗೋಡೆಗೆ ಆಳವಾಗಿ ಕಚ್ಚಿಕೊಳ್ಳುವ ಭಯವಿದೆ. ಹಳೆಯ ವಿಷಯವನ್ನು ಹೊಸ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ, ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಬೇಕು.

ಆಸ್ಪತ್ರೆಗಳಿಂದ ನಾವು ಕೇಳುವುದು ಇಷ್ಟು. ಸಕ್ಷನ್ ಮಾಡಿದ್ದಕ್ಕೂ ಕೆರೆದದ್ದಕ್ಕೂ ಡಿಸ್ಚಾರ್ಜ್ ಚೀಟಿಯಲ್ಲಿ 'ಡಿ ಅಂಡ್ ಸಿ' ಎಂದೇ ಬರೆಯುವುದು ನಿಲ್ಲಲಿ. ಯಾವ ಉಪಕರಣ, ನಳಿಕೆ ಎಷ್ಟು ಮಿ.ಮೀ., ಲೋಹದ ಕ್ಯುರೆಟ್ ಬಳಸಿದರೇ ಇಲ್ಲವೇ, ಸ್ಕ್ಯಾನ್ ನೋಡುತ್ತಾ ಮಾಡಿದರೇ ಎಂಬುದು ಅದರಲ್ಲಿರಲಿ. ಕೆಳಗೆ ಇನ್ನೊಂದು ಸಾಲು: 'ಇಂಥ ದಿನಾಂಕದೊಳಗೆ ಮುಟ್ಟು ಬರದಿದ್ದರೆ, ಮೊದಲಿಗಿಂತ ತೀರಾ ಕಡಿಮೆ ಬಂದರೆ, ಬಂದು ತೋರಿಸಿ.'

ಇಂತಿ,
ತಮ್ಮ ವಿಶ್ವಾಸಿಗಳು