ಜೆಲ್ ಬದಲು ಒಂದು ಪತ್ರ

ಕೊಲಂಬಸ್, ಓಹಾಯೊ

ಪ್ರೀತಿಯ ಅಣ್ಣನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಸ್ಪೀಕರ್ ಬೇರೆ ಆನ್ ಆಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಇಲ್ಲಿಂದ ಟೆಸ್ಟೋಸ್ಟಿರಾನ್, ಅಂದರೆ ಗಂಡಸರ ಹಾರ್ಮೋನಿನ ಜೆಲ್ ಕಳಿಸೋಕೆ ಆಗಲ್ಲ ಅಣ್ಣ. 1990ರಲ್ಲಿ ಬಂದ ಕಾನೂನಿನಿಂದ ಅದು ಅಮೆರಿಕದಲ್ಲಿ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ. ಡಾಕ್ಟರ ಚೀಟಿಗೆ ಆರು ತಿಂಗಳಷ್ಟೇ ಆಯಸ್ಸು. ನನ್ನ ಹೆಸರಿನಲ್ಲಿ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅಪರಾಧ, ಒಡಹುಟ್ಟಿದವರಾದರೂ ಅಷ್ಟೇ. ‘ಫಾರಿನ್ ಮಾಲು’ ಅನ್ನುವ ಆಸೆಯನ್ನೂ ಬಿಡು. ಒಳಗಿರುವ ಔಷಧಿ ಅಲ್ಲೂ ಅದೇ, ಇಲ್ಲೂ ಅದೇ.

ಅದಿರಲಿ, ಅದು ನಿನಗೆ ಬೇಕೋ ಬೇಡವೋ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ನಿನ್ನ ರಿಪೋರ್ಟ್ ನೋಡಿದೆ. ಟೆಸ್ಟೋಸ್ಟಿರಾನ್ 260 ಇದೆ. ಇಲ್ಲಿನ ಯೂರಾಲಜಿ ಡಾಕ್ಟರುಗಳು 300ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ, ನಿಜ. ಆದರೆ ರಕ್ತ ತೆಗೆದ ಹೊತ್ತು ನೋಡು. ಸಂಜೆ ನಾಲ್ಕು ಗಂಟೆ. ಮುದ್ದೆ ಊಟ ಮುಗಿಸಿಕೊಂಡು ಹೋಗಿದ್ದೀಯ, ಅದೂ ಜ್ವರ ಬಿಟ್ಟು ವಾರವೂ ಆಗಿರಲಿಲ್ಲ. ಈ ಹಾರ್ಮೋನು ಬೆಳಗ್ಗೆ ಜಾಸ್ತಿ ಇರುತ್ತದೆ, ಸಂಜೆಗೆ ಇಳಿಯುತ್ತದೆ. ಉಂಡ ಮೇಲೂ ಇಳಿಯುತ್ತದೆ, ಕಾಯಿಲೆ ಬಿದ್ದರೂ ಇಳಿಯುತ್ತದೆ. ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಿ, ಎರಡೂ ಸಲ ಕಡಿಮೆ ಬಂದರೆ ಮಾತ್ರ ಅದು ಲೆಕ್ಕಕ್ಕೆ. ನಿನಗೆ ‘ಫುಲ್ ಬಾಡಿ ಪ್ಯಾಕೇಜ್’ ಮಾರಿದವರು ಇಷ್ಟು ಹೇಳಬೇಕಿತ್ತು, ಅಲ್ವಾ?

ಎರಡೂ ಸಲ ಕಡಿಮೆ ಬಂದರೆ, ಯಾಕೆ ಕಡಿಮೆ ಅಂತ ಹುಡುಕಬೇಕು. ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ ಬೇರೆ ಹಾರ್ಮೋನುಗಳನ್ನೂ ರಕ್ತದಲ್ಲಿ ನೋಡಿಸು. ಪ್ರೊಲ್ಯಾಕ್ಟಿನ್ ಜಾಸ್ತಿ ಇದ್ದು ಹೀಗಾಗಿದ್ದರೆ ಅದಕ್ಕೆ ಬೇರೆ ಮಾತ್ರೆಯೇ ಇದೆ. ನನ್ನ ಕಥೆ ಬೇರೆ. ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ಗೆಡ್ಡೆ ತೆಗೆದ ಮೇಲೆ ಮೆದುಳಿನ ಕಡೆಯಿಂದ ಬರಬೇಕಾದ ಸೂಚನೆಯೇ ನಿಂತಿತು, ಹಾಗಾಗಿ ಈ ಹಾರ್ಮೋನನ್ನು ಹೊರಗಿನಿಂದ ತಗೊಳ್ಳದೆ ದಾರಿಯಿಲ್ಲ. ನಿನಗೆ ಶುಗರ್ ಇದೆ, ಹೊಟ್ಟೆ ಇದೆ (ಬೈಕೋಬೇಡ), ಗೊರಕೆಯ ಬಗ್ಗೆ ಅತ್ತಿಗೆಯನ್ನೇ ಕೇಳಬೇಕು. ಮೂರಕ್ಕೂ ಈ ಹಾರ್ಮೋನು ಇಳಿಯೋದಕ್ಕೂ ನಂಟಿದೆ. ತೂಕ ಇಳಿದರೆ ಎಷ್ಟೋ ಜನರಿಗೆ ಅದು ತಾನಾಗೇ ಏರುತ್ತದೆ. ಅಮಾನಿಕೆರೆ ಏರಿಯ ಮೇಲೆ ನಡೆಯೋಕೆ ಯಾರೂ ಬಿಲ್ ಕೊಡಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಮೊದಲು ಅದನ್ನು ಡಾಕ್ಟರಿಗೆ ಹೇಳು. ಅದಕ್ಕೆ ಚಿಕಿತ್ಸೆ ಮಾಡಿಸದೆ ಟೆಸ್ಟೋಸ್ಟಿರಾನ್ ಶುರುಮಾಡಿದರೆ ಅದು ಇನ್ನೂ ಹದಗೆಡಬಹುದು.

ಇನ್ನು ದುಡ್ಡು. ನಾನು ಇಲ್ಲಿ ಹೇಗೆ ಉಳಿಸುತ್ತೇನೆ ಅಂತ ಕೇಳಿದ್ದೆ. ಡಾಕ್ಟರು ಮೊದಲು ಬ್ರಾಂಡ್ ಜೆಲ್ ಬರೆದಿದ್ದರು. ಇನ್ಶೂರೆನ್ಸಿನವರು ಮೊದಲೇ ಅನುಮತಿ ಬೇಕು ಅಂದರು, ಆಮೇಲೆ ಕೊಡಲ್ಲ ಅಂದರು. ಒಂದು ರೀತಿ ಒಳ್ಳೆಯದೇ ಆಯಿತು. ಜೆನೆರಿಕ್ ಇಂಜೆಕ್ಷನ್, ಟೆಸ್ಟೋಸ್ಟಿರಾನ್ ಸಿಪಿಯೊನೇಟ್ ಅಂತ, ಅದಕ್ಕಿಂತ ತುಂಬಾ ಅಗ್ಗ. ಒಂದೇ ಔಷಧಿಗೆ ಇಲ್ಲಿ ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆ, ಅದಕ್ಕೆ ಫೋನ್ ಮಾಡಿ ಕೇಳುತ್ತೇನೆ. ಪುಕ್ಕಟೆ ಸಿಗುವ ಡಿಸ್ಕೌಂಟ್ ಕೂಪನ್ ತೋರಿಸಿದರೆ ಕೆಲವು ಸಲ ಇನ್ಶೂರೆನ್ಸಿಗಿಂತ ಕಡಿಮೆಗೆ ಬರುತ್ತದೆ. ಕಾಸ್ಟ್‌ಕೋ ಫಾರ್ಮಸಿಯಲ್ಲಿ ಔಷಧಿ ತಗೊಳ್ಳೋಕೆ ಸದಸ್ಯತ್ವ ಬೇಕಿಲ್ಲ, ಇದು ಇಲ್ಲಿನವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ.

ತುಮಕೂರಿನಲ್ಲಿ ನೀನು ಮಾಡಬೇಕಾದ್ದು ಬೇರೆ. ಫೋನಿನಲ್ಲಿ ಸರ್ಕಾರದ ‘ಫಾರ್ಮಾ ಸಹಿ ದಾಮ್’ ಆಪ್ ಹಾಕಿಕೋ. ಒಂದೇ ಔಷಧಿಯ ಬೇರೆ ಬೇರೆ ಬ್ರಾಂಡಿನ ಬೆಲೆ ಅದರಲ್ಲಿ ಸಿಗುತ್ತದೆ. ಅದನ್ನು ಡಾಕ್ಟರಿಗೇ ತೋರಿಸಿ, ಅಗ್ಗದ್ದು ಆಗುತ್ತದಾ ಅಂತ ಕೇಳು, ಸಂಕೋಚ ಬೇಡ. ಶುಗರ್ ಮಾತ್ರೆಯನ್ನಂತೂ ಜನೌಷಧಿ ಕೇಂದ್ರದಲ್ಲೇ ತಗೋ. ಟೆಸ್ಟೋಸ್ಟಿರಾನ್ ಅಂಡೆಕನೊಯೇಟ್ ಅನ್ನುವ ಇಂಜೆಕ್ಷನ್ ಬರೆದರೆ ಅದರ ಬೆಲೆ ನೋಡಿ ಗಾಬರಿಯಾಗಬೇಡ. ಅದು 10ರಿಂದ 14 ವಾರಕ್ಕೊಂದು, ತಿಂಗಳ ಲೆಕ್ಕ ಹಾಕಿ ನೋಡು. ಆದರೆ ಅದನ್ನು ನಿಧಾನವಾಗಿ ಚುಚ್ಚಬೇಕು, ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಸ್ವಲ್ಪ ಹೊತ್ತು ಕೂತಿರಬೇಕು. ಸಸ್ಟನಾನ್ ಅನ್ನುವ ಇನ್ನೊಂದು ಟೆಸ್ಟೋಸ್ಟಿರಾನ್ ಇಂಜೆಕ್ಷನ್ನಿನಲ್ಲಿ ಕಡಲೆಕಾಯಿ ಎಣ್ಣೆ ಇದೆ. ಕಡಲೆಕಾಯಿ ಬೆಳೆಯುವ ಪಾವಗಡದ ಮಾವನಿಗೆ ಹೇಳಿದರೆ ನಗುತ್ತಾನೆ. ಆದರೆ ಕಡಲೆಕಾಯಿ ಅಲರ್ಜಿ ಇರುವವರಿಗೆ ಅದು ನಗುವ ವಿಷಯ ಅಲ್ಲ. ಬಿಲ್ ಇಲ್ಲದೆ, ಚೀಟಿ ಇಲ್ಲದೆ ಕೊಡುವ ಅಂಗಡಿ ಎಷ್ಟು ಅಗ್ಗವಾದರೂ ಬೇಡ.

ಔಷಧಿಯಲ್ಲಿ ಎಷ್ಟು ಬೇಕಾದರೂ ಉಳಿಸು. ರಕ್ತ ಪರೀಕ್ಷೆಯಲ್ಲಿ ಮಾತ್ರ ಉಳಿಸಬೇಡ. ಈ ಔಷಧಿ ರಕ್ತವನ್ನು ಗಟ್ಟಿ ಮಾಡುತ್ತದೆ. ಸಿಬಿಸಿ ರಿಪೋರ್ಟಿನಲ್ಲಿ ಎಚ್‌ಸಿಟಿ ಅಥವಾ ಪಿಸಿವಿ ಅಂತ ಇರುತ್ತದಲ್ಲ, ರಕ್ತದಲ್ಲಿ ಕೆಂಪು ಕಣಗಳ ಪಾಲು, ಅದು ಶೇಕಡ 54 ದಾಟಿದರೆ ಡಾಕ್ಟರು ನಿಲ್ಲಿಸುತ್ತಾರೆ. ಶುರುವಿಗೆ ಮುಂಚೆ ಒಮ್ಮೆ, ಆಮೇಲೆ ಮೂರರಿಂದ ಆರು ತಿಂಗಳೊಳಗೆ, ಮುಂದೆ ವರ್ಷಕ್ಕೊಮ್ಮೆ ನೋಡಿಸಬೇಕು. ನಿನ್ನ ವಯಸ್ಸಿಗೆ ಪಿಎಸ್‌ಎ ಕೂಡ ಬೇಕು, ಪ್ರಾಸ್ಟೇಟ್ ವಿಷಯಕ್ಕೆ. ಬಿಪಿ ಏರಬಹುದು. ಹಾರ್ಟಿಗೆ ಏನಾಗುತ್ತದೆ ಅಂತ ಕೇಳಿದ್ದೆ. 2023ರಲ್ಲಿ ಸುಮಾರು 5,200 ಗಂಡಸರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕು, ಸ್ಟ್ರೋಕು ಜಾಸ್ತಿ ಆಗಲಿಲ್ಲ. ಆದರೆ ಎದೆಬಡಿತ ತಾಳ ತಪ್ಪೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಔಷಧಿ ತಗೊಂಡವರಲ್ಲಿ ಸ್ವಲ್ಪ ಹೆಚ್ಚಿತ್ತು. ಕಾಲು ಒಂದೇ ಕಡೆ ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ‘ಗ್ಯಾಸ್ ಇರಬೇಕು’ ಅಂತ ಮನೆಯಲ್ಲಿ ಮಲಗಬೇಡ.

ಜೆಲ್ ನನಗೂ ಬೇಡ ಅನಿಸಿದ್ದಕ್ಕೆ ಇನ್ನೊಂದು ಕಾರಣ ಮಗಳು. ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಿದರೆ ಔಷಧಿ ಅವರಿಗೂ ಅಂಟುತ್ತದೆ. ಹೀಗೆ ಪುಟ್ಟ ಮಕ್ಕಳಲ್ಲಿ ಬೇಗ ಪ್ರೌಢರಾಗುವ ಲಕ್ಷಣ ಕಂಡು, 2009ರಲ್ಲಿ ಇಲ್ಲಿನ ಔಷಧಿ ಇಲಾಖೆ ಪೊಟ್ಟಣದ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿತು. ನಿನ್ನ ಮೊಮ್ಮಗು ಬೆಳಗ್ಗೆ ಎದ್ದರೆ ನಿನ್ನ ಹೆಗಲೇ ಅಲ್ವಾ. ಜೆಲ್ಲೇ ಬರೆದರೆ ಹಚ್ಚಿ, ಒಣಗಲು ಬಿಟ್ಟು, ಬಟ್ಟೆ ಮುಚ್ಚಿ, ಕೈ ಸೋಪಿನಲ್ಲಿ ತೊಳೆದ ಮೇಲೇ ಎತ್ತಿಕೋ.

ಇಂಜೆಕ್ಷನ್ ನಾನೇ ಚುಚ್ಚಿಕೊಳ್ಳುತ್ತೇನೆ ಅಂದದ್ದಕ್ಕೆ ಅತ್ತಿಗೆ ಹೆದರಿದ್ದರಂತೆ. ನರ್ಸ್ ಕಲಿಸಿದ್ದಾರೆ, ಕಷ್ಟವೇನಿಲ್ಲ. ಸೂಜಿ ಪ್ರತಿ ಸಲ ಹೊಸದು. ಇಲ್ಲಿನ ಚಳಿಗೆ, ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ, ಬಾಟಲಿಯಲ್ಲಿ ಔಷಧಿ ಹರಳು ಕಟ್ಟುತ್ತದೆ. ಬೆಚ್ಚಗೆ ಮಾಡಿ ಅಲ್ಲಾಡಿಸಿದರೆ ಕರಗುತ್ತದೆ.

ಇನ್ನು ನಿನ್ನ ಮಗ ಪುಟ್ಟನ ವಿಷಯ, ಇದೇ ನನಗೆ ಜಾಸ್ತಿ ಚಿಂತೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಇಂಜೆಕ್ಷನ್ ತಗೊಳ್ಳುತ್ತಿದ್ದಾನೆ ಅಂದೆ. ಅದೂ ಟೆಸ್ಟೋಸ್ಟಿರಾನ್ ಜಾತಿಯದೇ ಇರಬೇಕು. ಹೊರಗಿನಿಂದ ಟೆಸ್ಟೋಸ್ಟಿರಾನ್ ಹೋದರೆ ಮೆದುಳು ‘ಸಾಕು’ ಅಂದುಕೊಂಡು ಸೂಚನೆ ನಿಲ್ಲಿಸುತ್ತದೆ, ವೀರ್ಯಾಣು ಹುಟ್ಟೋದೇ ನಿಲ್ಲಬಹುದು. ಗಂಡಸರಿಗೆ ಗರ್ಭನಿರೋಧಕ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿದ್ದು ಇದೇ ಹಾರ್ಮೋನನ್ನು ಅಂದರೆ ನೋಡು. ಮದುವೆ ಗೊತ್ತಾಗಿರುವ ಹುಡುಗ ಅವನು. ಬಿಟ್ಟ ಮೇಲೆ ಸರಿಹೋಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ ಮೀರುತ್ತದೆ, ಕೆಲವರಿಗೆ ಪೂರ್ತಿ ಸರಿಹೋಗೋದೂ ಇಲ್ಲ. ಗದರಿಸಬೇಡ. ಖಾಲಿ ಬಾಟಲಿ ಸಮೇತ ಹಾರ್ಮೋನ್ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಏನು ತಗೊಂಡ, ಎಷ್ಟು ತಗೊಂಡ ಅಂತ ಅವನೇ ಹೇಳಲಿ. ಅವನು ಡಾಕ್ಟರ ಮುಂದೆ ಮಾತಾಡುವಾಗ ನೀನು ಹೊರಗೆ ಕೂತರೆ ಇನ್ನೂ ಒಳ್ಳೆಯದು.

ನಿಮ್ಮಿಬ್ಬರ ಪರೀಕ್ಷೆಯ ಖರ್ಚನ್ನು ಈ ತಿಂಗಳ ದುಡ್ಡಿನ ಜೊತೆ ಸೇರಿಸಿ ಹಾಕಿದ್ದೇನೆ. ಅದನ್ನು ಬೋರ್‌ವೆಲ್ ಮೋಟರಿಗೆ ಹಾಕಬೇಡ.

ನಿನ್ನ ತಮ್ಮ